ಹಿತ್ತಲಿಗೆ ಬರುವ ಹೆಜ್‌ಹಾಗ್: ಅದರ ಆಹಾರ, ಮುಳ್ಳು ಮತ್ತು ಚಳಿಗಾಲದ ನಿದ್ರೆ

ಪ್ರಶ್ನೆ: ನಾವು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ನೆಲೆಸಿದ್ದೇವೆ. ಬೇಸಿಗೆಯಿಂದ ಈಚೆಗೆ, ಕತ್ತಲಾದ ಮೇಲೆ ನಮ್ಮ ಹಿತ್ತಲಿಗೆ ಬೆನ್ನ ತುಂಬ ಮುಳ್ಳಿರುವ ಒಂದು ಪುಟ್ಟ ಪ್ರಾಣಿ ಬರುತ್ತಿದೆ. ಊರಿನಿಂದ ಬಂದಿರುವ ನಮ್ಮ ಅತ್ತೆಯವರು ಇದು ಮುಳ್ಳುಹಂದಿಯ ಮರಿ ಎನ್ನುತ್ತಾರೆ. ಮಕ್ಕಳು ದಿನವೂ ಅದಕ್ಕೆ ಹಾಲು, ಬ್ರೆಡ್ ಇಡುತ್ತಾರೆ. ಚಳಿಗಾಲದಲ್ಲಿ ಇದು ಎಲ್ಲಿಗೆ ಹೋಗುತ್ತದೆ? ಒಳಗೆ ತಂದು ಸಾಕಿದರೆ ಬದುಕುತ್ತದೆಯೇ?

ಉತ್ತರ: ಮೊದಲು ಹಾಲು ಇಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಈ ಪ್ರಾಣಿ ಹಾಲನ್ನು ಇಷ್ಟಪಟ್ಟು ಕುಡಿಯುತ್ತದೆ ಎಂಬುದು ನಿಜ. ಆದರೆ ಹಾಲಿನಲ್ಲಿರುವ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಬೆಳೆದ ಹೆಜ್‌ಹಾಗ್‌ನ ಕರುಳಿಗೆ ಇಲ್ಲ. ಕುಡಿದ ಹಾಲು ಭೇದಿಗೆ ಕಾರಣವಾಗಿ, ಒಂದು ಕಿಲೋ ತೂಗದ ದೇಹದಿಂದ ನೀರನ್ನೂ ಲವಣಗಳನ್ನೂ ಹೊರಹಾಕುತ್ತದೆ. ಬ್ರೆಡ್ ಹೊಟ್ಟೆಯನ್ನು ತುಂಬಿಸುತ್ತದೆಯಾದರೂ ಅದಕ್ಕೆ ಬೇಕಾದ ಪೋಷಣೆಯನ್ನು ಕೊಡುವುದಿಲ್ಲ. ಅಗಲವಾದ, ಆಳವಿಲ್ಲದ ತಟ್ಟೆಯಲ್ಲಿ ಶುದ್ಧ ನೀರು, ಜೊತೆಗೆ ಬೇಕೆಂದರೆ ಮಾಂಸದಿಂದ ತಯಾರಿಸಿದ ಬೆಕ್ಕಿನ ಅಥವಾ ನಾಯಿಯ ಆಹಾರ ಸ್ವಲ್ಪ ಇಡಿ. ಮಕ್ಕಳ ಅಕ್ಕರೆ ದೊಡ್ಡದು. ಆ ಅಕ್ಕರೆ ಪ್ರಾಣಿಗೆ ಒಳಿತನ್ನೇ ಮಾಡಲಿ ಎಂಬ ಕಾರಣಕ್ಕೆ ಇದನ್ನು ಎಲ್ಲಕ್ಕಿಂತ ಮೊದಲು ಹೇಳಿದೆ.

ನಿಮ್ಮ ಅತ್ತೆಯವರ ಊಹೆ ಸಹಜವಾದದ್ದೇ. ನಮ್ಮ ಕಾಡಂಚಿನ ತೋಟಗಳಲ್ಲಿ ಗೆಡ್ಡೆಗಳನ್ನು ಅಗೆದು ತಿನ್ನುವ ಮುಳ್ಳುಹಂದಿಯನ್ನು ಬಲ್ಲವರಿಗೆ ಇದು ಅದರ ಮರಿಯಂತೆಯೇ ಕಾಣುತ್ತದೆ. ಆದರೆ ಮುಳ್ಳುಹಂದಿ ಇಲಿ, ಅಳಿಲುಗಳ ಬಳಗಕ್ಕೆ ಸೇರಿದ, ಹತ್ತು ಕಿಲೋಗೂ ಮೀರಿ ತೂಗುವ ಸಸ್ಯಾಹಾರಿ ದಂಶಕ. ನಿಮ್ಮ ಹಿತ್ತಲಿಗೆ ಬರುತ್ತಿರುವುದು ಹೆಜ್‌ಹಾಗ್. ಅದರ ಹತ್ತಿರದ ನೆಂಟರು ಸುಂಡಿಲಿಗಳು ಮತ್ತು ಮಣ್ಣಿನೊಳಗೆ ಬಿಲ ತೋಡುವ ಮೋಲ್‌ಗಳು. ಎರಡೂ ಪ್ರಾಣಿಗಳಲ್ಲಿ ಕೂದಲೇ ಮಾರ್ಪಟ್ಟು ಮುಳ್ಳಾಗಿದೆಯಾದರೂ, ಈ ಬದಲಾವಣೆ ಎರಡು ವಂಶಗಳಲ್ಲಿ ಬೇರೆಬೇರೆಯಾಗಿಯೇ ನಡೆಯಿತು. ಬ್ರಿಟನ್ನಿನಲ್ಲಿರುವುದು ಪಶ್ಚಿಮ ಯೂರೋಪಿನ ಹೆಜ್‌ಹಾಗ್, ಅಂದರೆ 1758ರಲ್ಲಿ ಸ್ವೀಡನ್ನಿನ ಜೀವಶಾಸ್ತ್ರಜ್ಞ ಲಿನೇಯಸ್ ‘ಎರಿನೇಸಿಯಸ್ ಯೂರೋಪಿಯಸ್’ ಎಂದು ಹೆಸರಿಸಿದ ಪ್ರಭೇದ. ಕೊನೆಯ ಹಿಮಯುಗದಲ್ಲಿ ಯೂರೋಪಿನ ಹೆಜ್‌ಹಾಗ್‌ಗಳು ಸ್ಪೇನ್, ಇಟಲಿ ಮತ್ತು ಬಾಲ್ಕನ್ ಪ್ರದೇಶಗಳ ಬೆಚ್ಚಗಿನ ನೆಲೆಗಳಲ್ಲಿ ಉಳಿದುಕೊಂಡು, ಹಿಮ ಕರಗಿದಂತೆ ಉತ್ತರಕ್ಕೆ ಹರಡಿದವು ಎಂಬುದು ಅವುಗಳ ಡಿಎನ್‌ಎ ಅಧ್ಯಯನದಿಂದ ತಿಳಿದುಬಂದಿದೆ. ಅತ್ತೆಯವರಿಗೆ ಇದನ್ನೂ ತಿಳಿಸಿ: ಹೆಜ್‌ಹಾಗ್‌ಗಳು ನಮ್ಮ ದೇಶದಲ್ಲಿಯೂ ಇವೆ. ರಾಜಸ್ಥಾನ, ಗುಜರಾತಿನ ಮರುಭೂಮಿಯ ಅಂಚಿನಲ್ಲಿ ಎರಡು ಪ್ರಭೇದಗಳಿದ್ದರೆ, ತಮಿಳುನಾಡು, ಆಂಧ್ರಪ್ರದೇಶದ ಕುರುಚಲು ಕಾಡು ಮತ್ತು ಒಣ ಹುಲ್ಲುಗಾವಲುಗಳಲ್ಲಿ ಮದ್ರಾಸ್ ಹೆಜ್‌ಹಾಗ್ ಎಂಬ ಮೂರನೆಯದಿದೆ. ಅದು ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ.

ಈಗ ಮುಳ್ಳುಗಳ ವಿಷಯ. ಬೆಳೆದ ಹೆಜ್‌ಹಾಗ್‌ನ ಬೆನ್ನು ಮತ್ತು ಪಕ್ಕೆಗಳ ಮೇಲೆ ಸುಮಾರು 5,000ದಿಂದ 7,000 ಮುಳ್ಳುಗಳಿರುತ್ತವೆ. ಪ್ರತಿಯೊಂದೂ ಎರಡರಿಂದ ಮೂರು ಸೆಂಟಿಮೀಟರ್ ಉದ್ದವಿದ್ದು, ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆಗಿದೆ. ಒಳಗೆ ಟೊಳ್ಳು, ಆ ಟೊಳ್ಳಿನಲ್ಲಿ ಸಾಲುಸಾಲಾಗಿ ಅಡ್ಡಗೋಡೆಗಳಿರುವುದರಿಂದ ಮುಳ್ಳು ಹಗುರವಾಗಿದ್ದೂ ಸುಲಭವಾಗಿ ಮುರಿಯುವುದಿಲ್ಲ. ಬುಡದಲ್ಲಿ, ಚರ್ಮದೊಳಗಿನ ಗುಂಡಗಿನ ಬೇರಿನ ಮೇಲೆ, ಒಂದು ಸಪೂರವಾದ ಬಳುಕುವ ಕತ್ತಿದೆ. ಪ್ರಾಣಿ ಎತ್ತರದಿಂದ ಬಿದ್ದರೆ ಅಥವಾ ಯಾರಾದರೂ ಬಲವಾಗಿ ಒತ್ತಿದರೆ ಆ ಕತ್ತು ಬಾಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಹಾಗಿಲ್ಲದಿದ್ದರೆ ಮುಳ್ಳಿನ ಬುಡ ಅದರ ಮೈಗೇ ಚುಚ್ಚುತ್ತಿತ್ತು. ಮುಳ್ಳುಹಂದಿಯ ಮುಳ್ಳುಗಳು ವೈರಿಯ ಮೈಯಲ್ಲಿ ನಾಟಿ ಕಳಚಿಕೊಳ್ಳುವಂತೆ ಹೆಜ್‌ಹಾಗ್‌ನ ಮುಳ್ಳುಗಳು ಕಳಚುವುದಿಲ್ಲ.

ಆದರೆ ಮುಳ್ಳಿಗಿಂತಲೂ ನನಗೆ ಅಚ್ಚರಿ ಎನಿಸುವುದು ಅದರ ಕೆಳಗಿನ ಸ್ನಾಯು. ಮುಳ್ಳಿರುವ ಚರ್ಮ ದೇಹಕ್ಕೆ ಬಿಗಿಯಾಗಿ ಅಂಟಿಕೊಂಡಿಲ್ಲ, ಸಡಿಲವಾದ ಹೊದಿಕೆಯಾಗಿದೆ. ಅದರ ಅಂಚಿನ ಸುತ್ತ ದಪ್ಪನೆಯ ಉಂಗುರದಂತಹ ಸ್ನಾಯು ಹಾದುಹೋಗುತ್ತದೆ. ಅಪಾಯದ ಸುಳಿವು ಸಿಕ್ಕಾಗ ಹೆಜ್‌ಹಾಗ್ ತಲೆ, ಕಾಲು, ಬಾಲಗಳನ್ನು ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತದೆ. ಒಡನೆಯೇ ಈ ಉಂಗುರ ಸಂಕುಚಿಸಿ, ಎಲೆಯಡಿಕೆ ಸಂಚಿಯ ಬಾಯನ್ನು ದಾರ ಎಳೆದು ಬಿಗಿದ ಹಾಗೆ ಇಡೀ ಮೈಯನ್ನು ಒಳಗೆ ಮುಚ್ಚಿಬಿಡುತ್ತದೆ. ಆಗ ಮುಳ್ಳುಗಳು ಒಂದನ್ನೊಂದು ಹಾಯ್ದು ಎಲ್ಲ ದಿಕ್ಕಿಗೂ ನಿಮಿರಿ ನಿಲ್ಲುತ್ತವೆ. ನರಿ ಬಹಳಷ್ಟು ಸಲ ಇದರ ಮುಂದೆ ಸೋತು ಹಿಂದಿರುಗುತ್ತದೆ. ಬ್ಯಾಜರ್ ಎಂಬ ಬಲಿಷ್ಠ ಪ್ರಾಣಿ ಮಾತ್ರ ತನ್ನ ಉದ್ದನೆಯ ಉಗುರುಗಳಿಂದ ಈ ಉಂಡೆಯನ್ನು ಬಿಡಿಸಬಲ್ಲದು. ಬ್ಯಾಜರ್‌ಗಳು ಹೆಚ್ಚಾಗಿರುವ ಕಡೆ ಹೆಜ್‌ಹಾಗ್‌ಗಳು ವಿರಳವಾಗಿರುವುದಕ್ಕೆ ಬೇಟೆಯಷ್ಟೇ ಕಾರಣವಲ್ಲ. ಎರೆಹುಳು, ಜೀರುಂಡೆಗಳಿಗಾಗಿ ಎರಡರ ನಡುವೆ ಪೈಪೋಟಿಯೂ ಇದೆ.

ನಿಮ್ಮ ಪ್ರಶ್ನೆಗಳೆಲ್ಲಕ್ಕೂ ಉತ್ತರ ಅಡಗಿರುವುದು ಈ ಆಹಾರದಲ್ಲಿಯೇ. ಹೆಜ್‌ಹಾಗ್‌ನ 36 ಹಲ್ಲುಗಳು ಚೂಪಾದ ಮೊನೆಗಳುಳ್ಳವು. ಕೀಟಗಳ ಗಟ್ಟಿ ಕವಚವನ್ನು ಒಡೆಯುವುದಕ್ಕೆಂದೇ ರೂಪುಗೊಂಡವು. ನೆಲದ ಮೇಲೆ ಓಡಾಡುವ ಜೀರುಂಡೆಗಳು, ಪತಂಗಗಳ ಮರಿಹುಳುಗಳು, ಎರೆಹುಳು, ಸಹಸ್ರಪದಿ, ಚಿಪ್ಪಿಲ್ಲದ ಬಸವನಹುಳು ಇವು ಅದರ ನಿತ್ಯದ ಊಟ. ನೆಲದ ಮೇಲಿನ ಹಕ್ಕಿಗೂಡಿನ ಮೊಟ್ಟೆ, ಕಪ್ಪೆ, ಸತ್ತ ಪ್ರಾಣಿಯ ಮಾಂಸ ಸಿಕ್ಕರೆ ಅವನ್ನೂ ಬಿಡುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ನೆಲ ತೇವಗೊಳ್ಳುವ ರಾತ್ರಿಯ ಹೊತ್ತಿನಲ್ಲಿ ಹೊರಬರುವುದರಿಂದ ಹೆಜ್‌ಹಾಗ್ ಕೂಡ ರಾತ್ರಿಯೇ ಹೊರಡುತ್ತದೆ. ಕಣ್ಣಿಗಿಂತ ಮೂಗು ಮತ್ತು ಕಿವಿಗಳನ್ನು ನಂಬಿಕೊಂಡು, ಮೂತಿಯನ್ನು ಹುಲ್ಲಿಗೆ ತಗುಲಿಸಿ, ಬುಸಬುಸನೆ ಉಸಿರು ಎಳೆಯುತ್ತ ಒಂದು ರಾತ್ರಿಯಲ್ಲಿ ಒಂದೆರಡು ಕಿಲೋಮೀಟರ್ ಅಲೆಯುತ್ತದೆ. ಹಾಗಾಗಿ ನಿಮ್ಮ ಹಿತ್ತಲು ಅದರ ರಾತ್ರಿಯ ದಾರಿಯಲ್ಲಿ ಬರುವ ಹತ್ತಾರು ಹಿತ್ತಲುಗಳಲ್ಲಿ ಒಂದು. ನೀವು ದಿನವೂ ನೋಡುತ್ತಿರುವುದು ಒಂದೇ ಪ್ರಾಣಿಯನ್ನು ಎಂದೂ ಖಚಿತವಾಗಿ ಹೇಳಲಾಗದು. ಇವು ಒಂಟಿಯಾಗಿ ಬದುಕುತ್ತವೆಯಾದರೂ ತಮ್ಮ ಗಡಿಯನ್ನು ಕಾಯುವುದಿಲ್ಲ. ಒಂದೇ ತಟ್ಟೆಗೆ ಬೇರೆಬೇರೆ ಹೊತ್ತಿನಲ್ಲಿ ಹಲವು ಹೆಜ್‌ಹಾಗ್‌ಗಳು ಬಂದುಹೋಗುವುದು ಸಾಮಾನ್ಯ. ಹಣ್ಣುಗಳ ಮೇಲೆ ಹೊರಳಿ, ಮುಳ್ಳಿಗೆ ಚುಚ್ಚಿಕೊಂಡು ಗೂಡಿಗೆ ಒಯ್ಯುತ್ತದೆ ಎಂಬ ಕಥೆ ರೋಮನ್ನರ ಕಾಲದಿಂದಲೂ ಚಾಲ್ತಿಯಲ್ಲಿದೆ, ಮಕ್ಕಳ ಪುಸ್ತಕಗಳ ಚಿತ್ರಗಳಲ್ಲೂ ಕಾಣುತ್ತದೆ. ಅದು ನಿಜವಲ್ಲ. ಹೆಜ್‌ಹಾಗ್ ಗೂಡಿನಲ್ಲಿ ಆಹಾರವನ್ನು ಕೂಡಿಡುವುದೇ ಇಲ್ಲ.

ಇದರ ಒಂದು ವಿಚಿತ್ರ ನಡವಳಿಕೆಯನ್ನು ಕಂಡರೆ ನೀವು ಹೆದರಬಾರದು ಎಂದು ಇಲ್ಲಿಯೇ ತಿಳಿಸುತ್ತೇನೆ. ಚರ್ಮದ ಚಪ್ಪಲಿ, ಹೊಗೆಸೊಪ್ಪು, ನೆಲಗಪ್ಪೆ ಇಂಥ ಯಾವುದಾದರೂ ಗಾಢವಾದ ಅಥವಾ ಹೊಸ ವಾಸನೆ ಸಿಕ್ಕರೆ ಹೆಜ್‌ಹಾಗ್ ಅದನ್ನು ನೆಕ್ಕಿ, ಅಗಿದು, ಬಾಯಲ್ಲಿ ನೊರೆ ತುಂಬಿಕೊಳ್ಳುತ್ತದೆ. ಆಮೇಲೆ ಮೈಯನ್ನು ತಿರುಚಿ, ಉದ್ದ ನಾಲಿಗೆಯಿಂದ ಆ ನೊರೆಯನ್ನು ತನ್ನ ಮುಳ್ಳುಗಳಿಗೆಲ್ಲ ಬಳಿದುಕೊಳ್ಳುತ್ತದೆ. ನೋಡಿದವರು ಹುಚ್ಚು ಹಿಡಿದಿದೆಯೆಂದೋ ವಿಷ ತಿಂದಿದೆಯೆಂದೋ ಗಾಬರಿಯಾಗುವುದುಂಟು. ಮುಳ್ಳಿಗೆ ವಿಷಕಾರಿ ಲೇಪ ಕೊಡಲು, ಮೈವಾಸನೆ ಮರೆಸಲು, ಸಂಗಾತಿಗೆ ಸುಳಿವು ಕೊಡಲು ಎಂದು ವಿವರಣೆಗಳು ಹಲವಿವೆ. ಪ್ರಾಣಿಶಾಸ್ತ್ರಜ್ಞರು ಇನ್ನೂ ಯಾವುದೊಂದನ್ನೂ ಒಪ್ಪಿಕೊಂಡಿಲ್ಲ. ಹಾಗೆಯೇ, ಬ್ರಿಟನ್ನಿನ ಏಕೈಕ ವಿಷದ ಹಾವಾದ ಆ್ಯಡರ್‌ನೊಂದಿಗೆ ಹೆಜ್‌ಹಾಗ್ ಸೆಣಸುತ್ತದೆ ಎನ್ನುವ ಮಾತಿನಲ್ಲಿ ಸತ್ಯಾಂಶವಿದೆ. ಹಾವಿನ ಹಲ್ಲು ಮುಳ್ಳುಗಳನ್ನು ದಾಟಿ ಚರ್ಮವನ್ನು ತಲುಪುವುದು ಕಷ್ಟ. ತಲುಪಿದರೂ ವಿಷದ ಕೆಲವು ಅಂಶಗಳನ್ನು ತಡೆಯುವ ಪ್ರೋಟೀನುಗಳು ಹೆಜ್‌ಹಾಗ್‌ನ ದೇಹದಲ್ಲಿವೆ. ಆ ರಕ್ಷಣೆ ಪೂರ್ಣವಾದುದಲ್ಲ, ಹೆಚ್ಚು ವಿಷ ಒಳಹೊಕ್ಕರೆ ಅದೂ ಸಾಯುತ್ತದೆ.

ಬರಿಗೈಯಲ್ಲಿ ಇದನ್ನು ಮುಟ್ಟಬೇಡಿ ಎಂದು ಹೇಳುವುದಕ್ಕೆ ಮುಳ್ಳಲ್ಲದೆ ಇನ್ನೊಂದು ಕಾರಣವಿದೆ, ಅದು ಜೀವಶಾಸ್ತ್ರದ ದೃಷ್ಟಿಯಿಂದ ಬಹಳ ಸ್ವಾರಸ್ಯಕರವೂ ಹೌದು. ಹೆಜ್‌ಹಾಗ್‌ನ ಚರ್ಮದ ಮೇಲೆ ಒಂದು ಬಗೆಯ ಶಿಲೀಂಧ್ರ ಬೆಳೆಯುತ್ತದೆ. ಅದು ಪೆನಿಸಿಲಿನ್ ಬಳಗದ ಪ್ರತಿಜೀವಕಗಳನ್ನು ತಾನೇ ಸ್ರವಿಸುತ್ತದೆ. ಅದೇ ಚರ್ಮದ ಮೇಲೆ ಬದುಕುವ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾಗಳು ಉಳಿಯಬೇಕಾದರೆ ಆ ಪ್ರತಿಜೀವಕಗಳನ್ನು ಎದುರಿಸುವ ಶಕ್ತಿ ಪಡೆಯಲೇಬೇಕಾಯಿತು. ಪ್ರತಿಜೀವಕಗಳಿಗೆ ಬಗ್ಗದೆ ಆಸ್ಪತ್ರೆಗಳನ್ನು ಕಾಡುವ ಎಂಆರ್‌ಎಸ್‌ಎ ಎಂಬ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾದ ಒಂದು ಬಗೆ ಹೀಗೆ ಹೆಜ್‌ಹಾಗ್‌ಗಳ ಮೈಮೇಲೆ, ಮನುಷ್ಯ ಪೆನಿಸಿಲಿನ್ ಬಳಸುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ, ಹುಟ್ಟಿಕೊಂಡಿತ್ತೆಂದು 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಂಶೋಧನೆಯೊಂದು ತೋರಿಸಿತು. ಇದರಿಂದ ಹಿತ್ತಲಿನ ಹೆಜ್‌ಹಾಗ್ ಅಪಾಯಕಾರಿ ಎಂದು ತಿಳಿಯಬೇಕಾಗಿಲ್ಲ. ದಪ್ಪ ಕೈಗವಸು ಹಾಕಿಕೊಳ್ಳಿ, ತಟ್ಟೆ ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಅಷ್ಟು ಎಚ್ಚರ ಸಾಕು.

ಸಂತಾನದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಬೇಸಿಗೆಯ ರಾತ್ರಿಗಳಲ್ಲಿ ಗಂಡು ಹೆಣ್ಣಿನ ಸುತ್ತ ಗಂಟೆಗಟ್ಟಲೆ ವೃತ್ತಾಕಾರದಲ್ಲಿ ತಿರುಗುತ್ತದೆ, ಹೆಣ್ಣು ಜೋರಾಗಿ ಬುಸುಗುಡುತ್ತದೆ. ಕೂಡಿದ ಮೇಲೆ ಗಂಡಿನ ಪಾಲು ಮುಗಿಯಿತು. ಸುಮಾರು ಐದು ವಾರಗಳಲ್ಲಿ ಸಾಮಾನ್ಯವಾಗಿ ನಾಲ್ಕೈದು ಮರಿಗಳು ಹುಟ್ಟುತ್ತವೆ. ಹೆರಿಗೆಯಲ್ಲಿ ತಾಯಿಗೆ ಗಾಯವಾಗದಂತೆ ಮರಿಯ ಮುಳ್ಳುಗಳು ನೀರು ತುಂಬಿ ಉಬ್ಬಿದ ಚರ್ಮದ ಕೆಳಗೆ ಹುದುಗಿರುತ್ತವೆ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಆ ನೀರು ಹೀರಿಹೋಗಿ ಬಿಳಿಯ ಮೆತ್ತನೆಯ ಮುಳ್ಳುಗಳು ಹೊರಚಾಚುತ್ತವೆ, ಅವುಗಳ ನಡುವೆ ಎರಡು ಮೂರು ದಿನಗಳಲ್ಲಿ ಕಂದು ಮುಳ್ಳುಗಳು ಮೂಡುತ್ತವೆ. ಎರಡು ವಾರಕ್ಕೆ ಕಣ್ಣು ತೆರೆಯುವ ಮರಿಗಳು ಆರು ವಾರ ತುಂಬುವ ಹೊತ್ತಿಗೆ ತಾಯಿಯನ್ನು ಬಿಟ್ಟು ತಮ್ಮ ಪಾಡಿಗೆ ಹೊರಡುತ್ತವೆ. ಪೊದೆ ಸವರುವಾಗ ಮರಿಗಳಿರುವ ಗೂಡು ಕಂಡರೆ ಕೂಡಲೇ ಮುಚ್ಚಿ ದೂರ ಸರಿಯಿರಿ. ಗೂಡು ಕದಡಿದರೆ ತಾಯಿ ಮರಿಗಳನ್ನು ತೊರೆಯುವುದೂ ಉಂಟು, ತಿಂದುಬಿಡುವುದೂ ಉಂಟು.

ಚಳಿಗಾಲದಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದೀರಿ. ಅದು ಎಲ್ಲಿಗೂ ಹೋಗುವುದಿಲ್ಲ. ಬಹುಶಃ ನಿಮ್ಮ ಹಿತ್ತಲಿನಿಂದ ಕೆಲವು ನೂರು ಮೀಟರುಗಳೊಳಗೆ, ಯಾವುದೋ ಪೊದೆಯ ಬುಡದಲ್ಲಿಯೋ ಶೆಡ್ಡಿನ ಅಡಿಯಲ್ಲಿಯೋ ಇರುತ್ತದೆ. ನೆಲ ಹೆಪ್ಪುಗಟ್ಟುವ ತಿಂಗಳುಗಳಲ್ಲಿ ಜೀರುಂಡೆಗಳೂ ಮರಿಹುಳುಗಳೂ ಸಿಗುವುದಿಲ್ಲ. ಹಕ್ಕಿಯಂತೆ ವಲಸೆ ಹೋಗಲು ಹೆಜ್‌ಹಾಗ್‌ಗೆ ಸಾಧ್ಯವಿಲ್ಲ, ಅಳಿಲಿನಂತೆ ಕೂಡಿಡುವ ಅಭ್ಯಾಸವೂ ಇಲ್ಲ. ಆದ್ದರಿಂದ ಅದು ಶರತ್ಕಾಲದಲ್ಲಿ ಸಿಕ್ಕಷ್ಟು ತಿಂದು ಆ ಆಹಾರವನ್ನು ಕೊಬ್ಬಿನ ರೂಪದಲ್ಲಿ ಮೈಯಲ್ಲಿಯೇ ಇರಿಸಿಕೊಂಡು, ನವೆಂಬರ್ ಹೊತ್ತಿಗೆ ಶಿಶಿರನಿದ್ರೆಗೆ ಇಳಿಯುತ್ತದೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೊರಬರುತ್ತದೆ. ಇದಕ್ಕಾಗಿ ಕಟ್ಟುವ ಗೂಡು ಶ್ರಮದ ಕೆಲಸ. ಒಣ ಎಲೆಗಳನ್ನು ಬಾಯಲ್ಲಿ ಕಚ್ಚಿ ತಂದು ರಾಶಿ ಹಾಕುತ್ತದೆ, ಅದರೊಳಗೆ ನುಗ್ಗಿ ಗರಗರನೆ ತಿರುಗುತ್ತದೆ. ಆಗ ಎಲೆಗಳು ಒಂದರ ಮೇಲೊಂದು ಚಪ್ಪಟೆಯಾಗಿ ಕೂತು, ಮಳೆಯೂ ಗಾಳಿಯೂ ನುಗ್ಗದ ದಪ್ಪ ಗೋಡೆ ಏರ್ಪಡುತ್ತದೆ.

ಈ ನಿದ್ರೆ ನಾವು ಮಲಗುವ ನಿದ್ರೆಯಂಥದಲ್ಲ. ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್ ಇರುವ ಮೈಬಿಸಿ 10 ಡಿಗ್ರಿಗೂ ಕೆಳಗೆ ಇಳಿಯಬಲ್ಲದು. ನಿಮಿಷಕ್ಕೆ ಸುಮಾರು 190 ಬಾರಿ ಬಡಿಯುವ ಹೃದಯ 20ರ ಆಸುಪಾಸಿಗೆ ಬರುತ್ತದೆ. ಹಲವು ನಿಮಿಷಗಳ ಕಾಲ ಉಸಿರಾಟವೇ ಕಾಣುವುದಿಲ್ಲ. ಮುಟ್ಟಿದವರಿಗೆ ತಣ್ಣಗಾದ ಈ ಮೈ ಹೆಣವೆಂದೇ ಅನ್ನಿಸುತ್ತದೆ. ಸುತ್ತಲಿನ ಉಷ್ಣತೆ 4 ಡಿಗ್ರಿಯ ಆಸುಪಾಸಿನಲ್ಲಿದ್ದಾಗ ಕೊಬ್ಬು ಅತ್ಯಂತ ನಿಧಾನವಾಗಿ ಕರಗುತ್ತದೆ. ಅದಕ್ಕಿಂತ ಬಹಳ ಕೆಳಗಿಳಿದರೆ ಹೆಪ್ಪುಗಟ್ಟದಿರಲು ದೇಹ ಹೆಚ್ಚು ಶಾಖ ಉತ್ಪಾದಿಸಬೇಕಾಗುತ್ತದೆ. ಹವೆ ಬೆಚ್ಚಗಾದರೆ ದೇಹದ ಕ್ರಿಯೆಗಳು ಚುರುಕಾಗಿ ಆಗಲೂ ಕೊಬ್ಬು ಬೇಗ ವ್ಯಯವಾಗುತ್ತದೆ. ನಡುನಡುವೆ, ಒಂದೆರಡು ವಾರಗಳಿಗೊಮ್ಮೆ, ಅದು ತಾನಾಗಿ ಎಚ್ಚರಗೊಳ್ಳುವುದೂ ಉಂಟು, ಕೆಲವು ಸಲ ಗೂಡನ್ನೇ ಬದಲಾಯಿಸುತ್ತದೆ. ಹೀಗೆ ಏಳುವಾಗ ಭುಜಗಳ ಸುತ್ತ ಇರುವ ಕಂದು ಕೊಬ್ಬು ವೇಗವಾಗಿ ಉರಿದು ಮೈಯನ್ನು ಕಾಯಿಸುತ್ತದೆ. ಪ್ರತಿ ಎಚ್ಚರಕ್ಕೂ ಕೊಬ್ಬು ಖರ್ಚಾಗುತ್ತದೆ; ವಸಂತ ಬರುವಷ್ಟರಲ್ಲಿ ದೇಹದ ಮೂರನೆಯ ಒಂದು ಭಾಗದಷ್ಟು ತೂಕ ಇಳಿದಿರುವುದು ಅಸಾಮಾನ್ಯವಲ್ಲ. ಮಲಗಿರುವ ಹೆಜ್‌ಹಾಗ್‌ನ ಗೂಡನ್ನು ಕುತೂಹಲಕ್ಕಾಗಿ ಬಿಚ್ಚಿ ನೋಡಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣದಿಂದಲೇ.

ಮೊದಲ ಚಳಿಗಾಲವನ್ನು ದಾಟದ ಮರಿಗಳ ಸಂಖ್ಯೆ ದೊಡ್ಡದು. ಡೆನ್ಮಾರ್ಕಿನಲ್ಲಿ ಸೋಫಿ ಲುಂಡ್ ರಾಸ್ಮುಸ್ಸೆನ್ ಎಂಬ ಸಂಶೋಧಕಿ ಸಾರ್ವಜನಿಕರ ನೆರವಿನಿಂದ ಸತ್ತ 697 ಹೆಜ್‌ಹಾಗ್‌ಗಳನ್ನು ಸಂಗ್ರಹಿಸಿದರು. ಶಿಶಿರನಿದ್ರೆಯ ಕಾಲದಲ್ಲಿ ಮೂಳೆಯ ಬೆಳವಣಿಗೆಯೂ ನಿಧಾನವಾಗುವುದರಿಂದ ದವಡೆಯ ಮೂಳೆಯಲ್ಲಿ ಪ್ರತಿ ವರ್ಷ ಒಂದು ಗೆರೆ ಮೂಡುತ್ತದೆ. ಆ ಗೆರೆಗಳನ್ನು ಎಣಿಸಿ ಅವುಗಳ ವಯಸ್ಸನ್ನು ಕಂಡುಹಿಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸರಾಸರಿ ಆಯಸ್ಸು ಕೇವಲ ಎರಡು ವರ್ಷ, ಆದರೆ ಒಂದು ಗಂಡು 16 ವರ್ಷ ಬದುಕಿತ್ತು. ಸತ್ತವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಸ್ತೆ ದಾಟುವಾಗ ವಾಹನಕ್ಕೆ ಸಿಕ್ಕಿದ್ದವು. ವೈರಿಗಳೆದುರು ಲಕ್ಷಾಂತರ ವರ್ಷ ಕಾಪಾಡಿದ, ಉಂಡೆಯಾಗಿ ಅಲ್ಲಿಯೇ ನಿಲ್ಲುವ ಅಭ್ಯಾಸ ಕಾರಿನ ಚಕ್ರದ ಮುಂದೆ ಕೆಲಸಕ್ಕೆ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಇವು ಕಡಿಮೆಯಾಗುತ್ತಿವೆ. 2020ರಲ್ಲಿ ಇವನ್ನು ಅಲ್ಲಿನ ಸಸ್ತನಿಗಳ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಾಣಿ ಎಂದು ಸೇರಿಸಲಾಯಿತು. 2024ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಇಡೀ ಪ್ರಭೇದವನ್ನು ಅಪಾಯದ ಅಂಚಿಗೆ ಬಂದಿರುವ ಪ್ರಾಣಿಗಳ ಗುಂಪಿಗೆ ಸೇರಿಸಿತು. ಹೊಲಗಳ ನಡುವಿನ ಬೇಲಿಪೊದೆಗಳನ್ನು ಕಿತ್ತು ಹೊಲಗಳನ್ನು ಒಂದಾಗಿಸಿದ್ದು, ಕೀಟನಾಶಕಗಳಿಂದ ಹುಳುಹುಪ್ಪಟೆಗಳು ನಾಶವಾಗಿದ್ದು ಹಳ್ಳಿಗಾಡಿನ ಇಳಿಕೆಗೆ ಮುಖ್ಯ ಕಾರಣಗಳು. ಊರುಗಳಲ್ಲಿ ಪರಿಸ್ಥಿತಿ ಹಳ್ಳಿಗಾಡಿಗಿಂತ ವಾಸಿಯಾಗಿದೆ, ಅದರಲ್ಲಿ ನಿಮ್ಮಂತಹವರ ಹಿತ್ತಲುಗಳ ಪಾಲು ದೊಡ್ಡದು. ಆದರೆ ಹೆಜ್‌ಹಾಗ್ ಎಲ್ಲೆಡೆಯೂ ಇರಲಿ ಎಂದು ನಾನು ಹೇಳಲಾರೆ. ಸ್ಕಾಟ್ಲೆಂಡಿನ ಸೌತ್ ಉಯಿಸ್ಟ್ ದ್ವೀಪಕ್ಕೆ ತೋಟದ ಬಸವನಹುಳುಗಳ ಹತೋಟಿಗೆಂದು 1974ರಲ್ಲಿ ಬೆರಳೆಣಿಕೆಯಷ್ಟು ಹೆಜ್‌ಹಾಗ್‌ಗಳನ್ನು ಒಯ್ದುಬಿಟ್ಟರು. ಅವು ಬೆಳೆದು, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳನ್ನು ತಿಂದು ದೊಡ್ಡ ಹಾನಿಮಾಡಿದವು. 2003ರಲ್ಲಿ ಅವನ್ನು ಕೊಲ್ಲಲು ಆರಂಭಿಸಿದಾಗ ಸಾರ್ವಜನಿಕರ ಪ್ರತಿಭಟನೆ ಎದ್ದು, ಕೊನೆಗೆ ಹಿಡಿದು ಬ್ರಿಟನ್ನಿನ ಮುಖ್ಯನಾಡಿಗೆ ಸಾಗಿಸುವ ದಾರಿಯನ್ನು ಆರಿಸಿಕೊಳ್ಳಬೇಕಾಯಿತು. ನ್ಯೂಜಿಲೆಂಡಿನಲ್ಲಿಯೂ ವಲಸಿಗರು ಒಯ್ದ ಹೆಜ್‌ಹಾಗ್‌ಗಳು ಅಲ್ಲಿನ ಹಲ್ಲಿ, ಕೀಟ, ಹಕ್ಕಿಗಳಿಗೆ ಇಂದಿಗೂ ಪಿಡುಗಾಗಿವೆ.

ನಿಮ್ಮ ಹಿತ್ತಲಿನಲ್ಲಿ ಮಾಡಬೇಕಾದ ಕೆಲಸ ತಟ್ಟೆಯಲ್ಲಿ ಊಟ ಇಡುವುದಕ್ಕಿಂತ ಮುಖ್ಯವಾದದ್ದು, ಕೀಟಗಳು ಬದುಕಲು ಬಿಡುವುದು. ಒಂದು ಮೂಲೆಯಲ್ಲಿ ಹುಲ್ಲು ಉದ್ದವಾಗಿ ಬೆಳೆಯಲಿ, ಉದುರಿದ ಎಲೆಗಳೂ ಕೊಳೆಯುವ ಮರದ ತುಂಡುಗಳೂ ಅಲ್ಲಿಯೇ ಇರಲಿ. ಅದೇ ಅದಕ್ಕೆ ಊಟದ ಮನೆಯೂ ಗೂಡಿನ ಸಾಮಗ್ರಿಯೂ ಆಗುತ್ತದೆ. ಬಸವನಹುಳು ಕೊಲ್ಲುವ ಗುಳಿಗೆಗಳನ್ನು ಬಳಸಬೇಡಿ. ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಉದ್ದಗಲದ ಒಂದು ಕಿಂಡಿ ಮಾಡಿ, ಪಕ್ಕದ ಮನೆಯವರನ್ನೂ ಒಪ್ಪಿಸಿ. ರಾತ್ರಿಯೊಂದರಲ್ಲಿ ಕಿಲೋಮೀಟರ್‌ಗಟ್ಟಲೆ ಅಲೆಯಬೇಕಾದ ಪ್ರಾಣಿಗೆ ಒಂದು ಹಿತ್ತಲು ಎಷ್ಟು ಚೆನ್ನಾಗಿದ್ದರೂ ಸಾಲದು. ಕೊಳವಿದ್ದರೆ ಹತ್ತಿ ಬರಲು ಇಳಿಜಾರಾಗಿ ಒಂದು ಹಲಗೆ ಇಡಿ, ಏಕೆಂದರೆ ಈಜಬಲ್ಲ ಹೆಜ್‌ಹಾಗ್ ನುಣುಪಾದ ದಡ ಹತ್ತಲಾರದೆ ಮುಳುಗುತ್ತದೆ. ಹುಲ್ಲು ಕತ್ತರಿಸುವ ಸ್ವಯಂಚಾಲಿತ ಯಂತ್ರವನ್ನು ರಾತ್ರಿ ಓಡಿಸಬೇಡಿ. ನವೆಂಬರ್ 5ರ ರಾತ್ರಿ ಬ್ರಿಟನ್ನಿನಲ್ಲಿ ಹಬ್ಬದಂತೆ ಹಚ್ಚುವ ಬೆಂಕಿಗೆಂದು ಕೂಡಿಟ್ಟ ಕಟ್ಟಿಗೆಯ ರಾಶಿಯನ್ನು ಹಚ್ಚುವ ಮೊದಲು ಬೇರೆ ಜಾಗಕ್ಕೆ ಸರಿಸಿ, ಒಳಗೆ ಮಲಗಿದ ಹೆಜ್‌ಹಾಗ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಒಳಗೆ ತಂದು ಸಾಕುವ ಮಾತು ಬೇಡ. ಆರೋಗ್ಯವಾಗಿರುವ ಕಾಡು ಹೆಜ್‌ಹಾಗ್‌ಗೆ ಅಲೆದಾಟ ಬೇಕು, ತಾನೇ ಹುಡುಕಿದ ಆಹಾರ ಬೇಕು, ಚಳಿಗಾಲದ ತಣ್ಣನೆಯ ಕತ್ತಲೆಯೂ ಬೇಕು. ಹೀಟರ್ ಉರಿಯುವ ಮನೆಯಲ್ಲಿ ಇವು ಯಾವುವೂ ಇಲ್ಲ. ನೆರವು ನಿಜವಾಗಿ ಬೇಕಾಗುವ ಸಂದರ್ಭ ಬೇರೆ. ಬೇಸಿಗೆಯಲ್ಲಿ ತಾಯಿ ಹೆಜ್‌ಹಾಗ್ ಗೂಡಿಗೆ ಎಲೆ ಒಯ್ಯುತ್ತ ಹಗಲಲ್ಲಿ ಚುರುಕಾಗಿ ಓಡಾಡುವುದುಂಟು, ಅದನ್ನು ಅದರ ಪಾಡಿಗೆ ಬಿಡಿ. ಆದರೆ ಹಗಲಿನಲ್ಲಿ ಬಯಲಲ್ಲಿ ಸುಮ್ಮನೆ ಬಿದ್ದಿರುವ, ತೂರಾಡುವ, ಗಾಯದ ಸುತ್ತ ನೊಣ ಮುತ್ತಿರುವ ಹೆಜ್‌ಹಾಗ್ ಕಂಡರೆ ಅದು ತೊಂದರೆಯಲ್ಲಿದೆ. ನವೆಂಬರ್ ಕೊನೆಯಲ್ಲೂ 450 ಗ್ರಾಂ ತೂಗದ ಮರಿ ಹೊರಗೆ ಅಲೆಯುತ್ತಿದ್ದರೆ ಅದಕ್ಕೂ ಚಳಿಗಾಲಕ್ಕೆ ಸಾಲುವಷ್ಟು ಕೊಬ್ಬು ಇಲ್ಲ. ಅಂಥ ಪ್ರಾಣಿಯನ್ನು ಕೈಗವಸು ಹಾಕಿ ಎತ್ತಿ, ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ ಇರಿಸಿ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಬದಿಗೆ ಇಡಿ, ಬಿಸಿ ಹೆಚ್ಚೆನಿಸಿದರೆ ಸರಿಯಲು ಇನ್ನೊಂದು ಬದಿಯಲ್ಲಿ ಜಾಗವಿರಲಿ. ಕುಡಿಯಲು ನೀರಿಟ್ಟು, ಗದ್ದಲವಿಲ್ಲದ ಕೋಣೆಯಲ್ಲಿ ಬಿಟ್ಟು, ಹತ್ತಿರದ ಹೆಜ್‌ಹಾಗ್ ಆರೈಕೆ ಕೇಂದ್ರಕ್ಕೋ ಪಶುವೈದ್ಯರಿಗೋ ತಡಮಾಡದೆ ಕರೆ ಮಾಡಿ. 1982ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಹೆಜ್‌ಹಾಗ್ ಪ್ರಿಸರ್ವೇಶನ್ ಸೊಸೈಟಿಯವರಲ್ಲಿ ವಿಚಾರಿಸಿದರೆ ನಿಮ್ಮ ಭಾಗದಲ್ಲಿ ಆರೈಕೆ ಮಾಡುವವರ ವಿವರ ಸಿಗುತ್ತದೆ.